ಸ್ಯಾಂಪಲ್ಲಿಗೆ ಬಂದ ವಿಮಾನ

ನನಗೊಂದು ಕೆಟ್ಟ ಚಟವಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮೂರು ಕಡೆ ದರ ಕೇಳದೆ ನಾನು ಏನನ್ನೂ ಕೊಳ್ಳಲಾರೆ. ಬದನೆಕಾಯಿಯಿಂದ ಹಿಡಿದು ಬನಿಯನ್‌ವರೆಗೆ ಇದೇ ಕಥೆ. ಸಂತೆಯಲ್ಲಿ ಮೊದಲನೆಯವಳನ್ನು ಕೇಳಿ, ಎರಡನೆಯವಳನ್ನು ಕೇಳಿ, ಮೂರನೆಯವಳನ್ನು ಕೇಳಿ, ಮೊದಲನೆಯವಳದೇ ಸರಿ ಎಂದು ಹಿಂದಿರುಗುವಷ್ಟರಲ್ಲಿ ಅವಳ ಬುಟ್ಟಿಯಲ್ಲಿ ಹುಳುಕು ಮಾತ್ರ ಉಳಿದಿರುತ್ತದೆ. ಆ ಹುಳುಕನ್ನು ನ್ಯಾಯವಾದ ದರಕ್ಕೆ ತಂದೆನೆಂಬ ಹೆಮ್ಮೆಯಿಂದ ಮನೆಗೆ ಬರುತ್ತೇನೆ. ಒಮ್ಮೆ ತಲೆನೋವೆಂದು ಮಾತ್ರೆ ತರಲು ಹೋದವನು ಮೂರು ಔಷಧಿ ಅಂಗಡಿ ಸುತ್ತಿದೆ. ಮೂರನೆಯ ಅಂಗಡಿಯ ಹೊತ್ತಿಗೆ ತಲೆನೋವು ತಾನಾಗಿ ಹೋಗಿತ್ತು. ಇದನ್ನು ನನ್ನ ಪದ್ಧತಿಗೆ ಸಿಕ್ಕ ಜಯವೆಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ.

ನನ್ನ ಹೆಂಡತಿ ಗಿರಿಜಾಗೆ ಈ ಚಟದ ಮೇಲೆ ಹಳೆಯ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಮದುವೆಗೆ ಮುಂಚೆ ನಾನು ಮೂರು ಹೆಣ್ಣು ನೋಡಿದ್ದೆ. ಕೂಡ್ಲಿಗಿಯದೊಂದು, ಹಡಗಲಿಯದೊಂದು, ಹರಪನಹಳ್ಳಿಯದೊಂದು. ಗಿರಿಜಾ ಹರಪನಹಳ್ಳಿಯವಳು, ಆಗಿನ್ನೂ ಹರಪನಹಳ್ಳಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನೋಡಿ ಬಂದ ಮೇಲೆ ನಾನು ಒಂದು ಕಾಗದದ ಮೇಲೆ ಗೆರೆ ಎಳೆದು, ಮೂರು ಸಾಲು ಮಾಡಿ, ಅಪ್ಪನ ಮುಂದಿಟ್ಟಿದ್ದೆನಂತೆ. ಇಟ್ಟಿದ್ದೆನಂತೆ ಏನು, ಇಟ್ಟಿದ್ದೆ. ಮದುವೆಯಾದ ಮೂರನೆಯ ತಿಂಗಳು ಅದನ್ನು ಅಪ್ಪ ನಗುನಗುತ್ತ ಸೊಸೆಗೆ ಹೇಳಿಬಿಟ್ಟರು. ಅಂದಿನಿಂದ ಇಪ್ಪತ್ತು ವರ್ಷದ ಮೇಲಾಯಿತು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರೂ ಸಾಕು, "ಅಲ್ರೀ, ನನ್ನ ಸಾಲಿನ್ಯಾಗ ಏನಂತ ಬರ್ದಿದ್ರಿ? ಅದನ್ನ ಹೇಳ್ರಿ ಮೊದ್ಲು" ಎನ್ನುತ್ತಾಳೆ. ನಾನು ಉಪ್ಪನ್ನು ಉಣ್ಣುತ್ತೇನೆ.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಅಂಟಿದ್ದು. ಕೊಟ್ಟೂರಿನ ಒಂದು ಖಾಸಗಿ ಕಾಲೇಜಿನ ಕಛೇರಿಯಲ್ಲಿ ನಾನು ಗುಮಾಸ್ತ. ಬೆಂಚು, ಬೋರ್ಡು, ನೀರಿನ ಡ್ರಮ್ಮು, ಸೀಮೆಸುಣ್ಣ, ಏನೇ ಬೇಕಾದರೂ ಕನಿಷ್ಠ ಮೂವರಿಂದ ಕೊಟೇಶನ್ ತರಿಸಿ, ಅವನ್ನು ಪಕ್ಕಪಕ್ಕದಲ್ಲಿ ಬರೆದು ಹೋಲಿಕೆ ಪಟ್ಟಿ ಮಾಡಿ, ಕಡಿಮೆ ದರದವನಿಗೆ ಆರ್ಡರ್ ಕೊಡುವುದು ನನ್ನ ಕೆಲಸ. ಇದನ್ನು ನನಗೆ ಕಲಿಸಿದವರು ನಮ್ಮ ಹಳೆಯ ಅಧೀಕ್ಷಕರು, ಇಟ್ಟಿಗಿಯ ಗುರುಸಿದ್ದಪ್ಪನವರು. ಕೊಟೇಶನ್ ಕೇಳುವ ಪತ್ರಕ್ಕೆ ಅವರದೊಂದು ನಮೂನೆಯಿತ್ತು, ಇಂಗ್ಲಿಷಿನಲ್ಲಿ, ಹನ್ನೊಂದು ಷರತ್ತುಗಳದ್ದು. "ಗಂಗಾಧರಯ್ಯ, ಸಾಮಾನಿನ ಹೆಸರು ಅಷ್ಟ ಬದಲಿ ಮಾಡು. ಷರತ್ತಿನ ತಂಟೆಕ್ಕ ಹೋಗಬ್ಯಾಡ. ಒಂದಕ್ಷರ ಹೆಚ್ಚುಕಮ್ಮಿ ಆತಂದ್ರ ಆಡಿಟ್‌ನವರು ಕುತ್ತಿಗಿ ಹಿಡಿತಾರ" ಎಂದು ಹೇಳಿ ನಿವೃತ್ತರಾಗಿ ಇಟ್ಟಿಗಿಗೆ ಹೋದರು. ಅವರ ಜಾಗಕ್ಕೆ ನನ್ನನ್ನು ಹಾಕಿದರು, ಆದರೆ ಪ್ರಭಾರಿಯಾಗಿ. ಈ ಕಥೆ ನಡೆಯುವ ಹೊತ್ತಿಗೆ ನಾನು ಪ್ರಭಾರಿ ಅಧೀಕ್ಷಕನಾಗಿ ಒಂಬತ್ತು ವರ್ಷವಾಗಿತ್ತು.

ಪ್ರಭಾರಿ ಎಂದರೆ ಏನೆಂದು ಅನುಭವಿಸದವರಿಗೆ ತಿಳಿಯುವುದಿಲ್ಲ. ಅಧೀಕ್ಷಕರ ಕೆಲಸವೆಲ್ಲ ನನ್ನದು, ಅಧೀಕ್ಷಕರ ಕುರ್ಚಿ ನನ್ನದಲ್ಲ. ಕೈಯಿರುವ ಆ ಬೆತ್ತದ ಕುರ್ಚಿ ನನ್ನ ಬೆನ್ನ ಹಿಂದೆ ಗೋಡೆಗೆ ಒರಗಿ, ಮೈಮೇಲೆ ಟವೆಲ್ ಹೊದ್ದು ಕೂತಿತ್ತು. ನಾನು ಕೈಯಿಲ್ಲದ ಕಬ್ಬಿಣದ ಕುರ್ಚಿಯಲ್ಲಿ. ಸಹಿಯ ಕೆಳಗೆ "ಪ್ರ." ಎಂಬ ಅಕ್ಷರ ಕಡ್ಡಾಯ. ಇನ್ನೂ ಒಂದು ನಿಯಮವಿತ್ತು. ಕಛೇರಿಯ ಅರಗಿನ ಮುದ್ರೆಯನ್ನು ಪ್ರಭಾರಿ ಹಾಕಬಹುದು. ಹಾಕಿದ ಮುದ್ರೆಯನ್ನು ಒಡೆಯಲು ಮಾತ್ರ ಅಧೀಕ್ಷಕರ ಲಿಖಿತ ಅಪ್ಪಣೆ ಬೇಕು. ಹೀಗಾಗಿ ನಾನು ಪ್ರಭಾರಿಯಾದ ಮೊದಲ ವಾರ ಹುರುಪಿನಲ್ಲಿ ಬೀಗ ಹಾಕಿ ಮುದ್ರೆ ಒತ್ತಿದ ಒಂದು ಬೀರು ಒಂಬತ್ತು ವರ್ಷದಿಂದ ತೆರೆದಿರಲಿಲ್ಲ. ಒಳಗೆ ಎರಡು ವಾಲಿಬಾಲೂ ನನ್ನ ಕೊಡೆಯೂ ಇದ್ದವು. ನಿವೃತ್ತಿಗೆ ಇನ್ನು ಮೂರೇ ವರ್ಷ. ಅಷ್ಟರೊಳಗೆ ಆ ಕೈಯಿರುವ ಕುರ್ಚಿಯ ಮೇಲೆ ಕೂತು, "ಪ್ರ." ಇಲ್ಲದ ಒಂದು ಸಹಿ ಹಾಕಬೇಕು ಎಂಬುದಷ್ಟೇ ನನ್ನ ಆಸೆ. ಅದಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರ ಮನಸ್ಸು ಬೇಕಿತ್ತು.

ಅಧ್ಯಕ್ಷರು ಕೊಟ್ರಬಸಪ್ಪನವರು. ಮಂಡಕ್ಕಿ ಭಟ್ಟಿ, ಶೇಂಗಾ ವ್ಯಾಪಾರ ಎಂದು ಇದ್ದವರು ಎರಡು ಲಾರಿಗಳನ್ನು ಅದಿರು ಸಾಗಿಸಲು ಬಿಟ್ಟರು. ಅದಿರಿಗೆ ಬೇಡಿಕೆ ಏರಿದ ಆ ವರ್ಷಗಳಲ್ಲಿ ನಮ್ಮ ಕಡೆ ಕೆಂಪು ಧೂಳು ಬಿದ್ದ ಮನೆಗಳೆಲ್ಲ ಇದ್ದಕ್ಕಿದ್ದಂತೆ ಎತ್ತರವಾದವು. ಎರಡು ಲಾರಿ ಇಪ್ಪತ್ತಾದವು, ಇಪ್ಪತ್ತು ಎಷ್ಟಾದವೋ ಅವರಿಗೇ ಗೊತ್ತಿರಲಿಲ್ಲ. ಆದರೂ ಮನುಷ್ಯ ಬದಲಾಗಲಿಲ್ಲ. ಅದೇ ಆರಡಿ ಆಳು, ಅದೇ ದೊಡ್ಡ ರುಮಾಲು, ಅದೇ ಸಂಜೆಯ ಮಂಡಕ್ಕಿ ಮೆಣಸಿನಕಾಯಿ. ಅವರ ನೆಮ್ಮದಿ ಕೆಡಿಸಿದವರು ಹೊಸಪೇಟೆಯ ಬೀಗರು. ಮಗಳ ನಿಶ್ಚಿತಾರ್ಥಕ್ಕೆ ಆ ಬೀಗರು ಹೆಲಿಕಾಪ್ಟರಿನಲ್ಲಿ ಬಂದು ಭಟ್ಟಿಯ ಹಿಂದಿನ ಬಯಲಿನಲ್ಲಿ ಇಳಿದರು. ಅದರ ಗಾಳಿಗೆ ಶಾಮಿಯಾನ ಎದ್ದು ಹೋಗಿ ಬೇವಿನ ಮರದ ಮೇಲೆ ಕೂತಿತು. ಒಣಹಾಕಿದ್ದ ಭತ್ತ ಅರ್ಧ ಊರಿಗೆ ಅಕ್ಷತೆಯಾಯಿತು. ಶಾಸ್ತ್ರ ಮಾಡಿಸಲು ಬಂದಿದ್ದ ನಮ್ಮ ಚಿಕ್ಕಪ್ಪನ ಶಲ್ಯ ಇವತ್ತಿನವರೆಗೂ ಸಿಕ್ಕಿಲ್ಲ. ಜನವೆಲ್ಲ ವಧುವನ್ನು ಬಿಟ್ಟು ಹೆಲಿಕಾಪ್ಟರ್ ನೋಡಲು ಓಡಿದರು.

ಮರುದಿನ ಅಧ್ಯಕ್ಷರು ಕಛೇರಿಗೆ ಬಂದರು. ಬಾಗಿಲು ಹಾಕಿಸಿ, ನನ್ನ ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಹೇಳಿದರು: "ಅಯ್ಯನೋರ, ಹೆಲಿಕಾಪ್ಟರ್ ಈಗ ಕಂಡಕಂಡವರ ಮನ್ಯಾಗ ಐತಿ. ಅದು ಬ್ಯಾಡ. ಉದ್ದಕ ಇರ್ತತಲ್ರಿ, ಹತ್ತು ಮಂದಿ ಕುಂದ್ರೂವಂಥ ಸಣ್ಣ ಜೆಟ್ಟು, ಸ್ವಂತದ್ದು, ಅದನ್ನ ತರಬೇಕಂತ ಮಾಡೀನಿ. ನೀವು ಕಾಲೇಜಿಗೆ ಬೆಂಚು ತರಿಸಿದ್ರಲ್ಲ, ಮೂರ್ನಾಕು ಕಂಪನಿ ಕೇಳಿ, ಪಟ್ಟಿ ಮಾಡಿ, ಹಂಗ ಇದನ್ನೂ ತರಿಸ್ರಿ. ಊರಾಗ ಇಂಗ್ಲಿಷಿನ್ಯಾಗ ಷರತ್ತು ಹಾಕಿ ಬರಿಯೋರು ನೀವೊಬ್ರ."

ನಾನು ಪೆನ್ನು ಕೆಳಗಿಟ್ಟೆ. "ಸಾವ್ಕಾರ್ರ, ಅದು ವಿಮಾನರಿ..."

"ಆದ್ರೇನಾತು? ಸಾಮಾನು ಸಾಮಾನ. ಈ ಕೆಲಸ ಮುಗಿಸಿಕೊಡ್ರಿ, ನಿಮ್ಮ ಫೈಲು ನಾ ನೋಡ್ತೀನಿ" ಎಂದು, ನನ್ನ ಬೆನ್ನ ಹಿಂದಿನ ಕುರ್ಚಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಎದ್ದರು. ಆ ಒಂದು ನೋಟಕ್ಕೆ ನಾನು ರಾಕೆಟ್ಟಿಗೂ ಕೊಟೇಶನ್ ತರಿಸುತ್ತಿದ್ದೆ.

ಬೆಂಗಳೂರಿನ ವಿಮಾನ ಪ್ರದರ್ಶನಕ್ಕೆ ಹೋಗಿದ್ದ ಅವರ ಅಕ್ಕನ ಮಗನೊಬ್ಬನಿಂದ ನಾಲ್ಕು ಕಂಪನಿಗಳ ವಿಳಾಸ ಸಿಕ್ಕಿತು: ಅಮೆರಿಕದ್ದೊಂದು, ಫ್ರಾನ್ಸಿನದೊಂದು, ಕೆನಡಾದ್ದೊಂದು, ಬ್ರೆಜಿಲ್ಲಿನದೊಂದು. ನಾನು ಗುರುಸಿದ್ದಪ್ಪನವರ ನಮೂನೆಯನ್ನು ಹೊರತೆಗೆದು ಟೈಪ್‌ರೈಟರಿಗೆ ಕಾಗದ ಏರಿಸಿದೆ. ಹಿಂದಿನ ಸಲ ಕಳಿಸಿದ್ದು ಬೆಂಚುಗಳ ಪತ್ರ. "ಬೆಂಚು" ಇದ್ದಲ್ಲಿ "ಜೆಟ್ ವಿಮಾನ" ಎಂದು ಹೊಡೆದೆ. ಗುರುಗಳ ಮಾತಿನಂತೆ ಷರತ್ತಿನ ತಂಟೆಗೆ ಹೋಗಲಿಲ್ಲ. ದರವನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸತಕ್ಕದ್ದು. ಷರತ್ತು ನಾಲ್ಕು: ಕಟ್ಟಿಗೆಯು ಚೆನ್ನಾಗಿ ಒಣಗಿದ್ದು, ಗೆದ್ದಲು ಹಿಡಿಯದಂತಿರತಕ್ಕದ್ದು. ಷರತ್ತು ಒಂಬತ್ತು: ಸಾಮಾನನ್ನು ಕೊಟ್ಟೂರಿನ ಕಾಲೇಜು ಆವರಣದವರೆಗೆ ಸ್ವಂತ ಖರ್ಚಿನಲ್ಲಿ ತಂದು, ಸಂಜೆ ನಾಲ್ಕರೊಳಗೆ ಇಳಿಸಿಕೊಡತಕ್ಕದ್ದು. ಈ ಕಥೆಗೆ ಮುಖ್ಯವಾದದ್ದು ಷರತ್ತು ಏಳು: ಪರಿಶೀಲನೆಗಾಗಿ ಒಂದು ಸ್ಯಾಂಪಲ್ಲನ್ನು ಉಚಿತವಾಗಿ ಕಳಿಸತಕ್ಕದ್ದು, ಒಪ್ಪಿಗೆಯಾಗದ ಸ್ಯಾಂಪಲ್ಲನ್ನು ಕಳಿಸಿದವರೇ ತಮ್ಮ ಖರ್ಚಿನಲ್ಲಿ ಹಿಂದಕ್ಕೆ ಒಯ್ಯತಕ್ಕದ್ದು. ನಾಲ್ಕೂ ಪತ್ರಗಳಿಗೆ "ಪ್ರ. ಅಧೀಕ್ಷಕ" ಎಂದು ಸಹಿ ಮಾಡಿ ರಿಜಿಸ್ಟರ್ ಮಾಡಿಸಿದೆ. ಬರೆದದ್ದರಲ್ಲಿ ಏನಾದರೂ ವಿಚಿತ್ರವಿದೆ ಎಂದು ನನಗೆ ಹೊಳೆಯಲಿಲ್ಲ ಎಂಬುದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಒಂಬತ್ತು ವರ್ಷ ಒಂದೇ ಪತ್ರ ಹೊಡೆದವನಿಗೆ ಅಕ್ಷರಗಳು ಕಾಣುತ್ತವೆ, ಅರ್ಥ ಕಾಣುವುದಿಲ್ಲ.

ಒಂದೂವರೆ ತಿಂಗಳಲ್ಲಿ ಉತ್ತರಗಳು ಬಂದವು. ಲಗ್ನಪತ್ರಿಕೆಗಿಂತ ದಪ್ಪನೆಯ, ನುಣುಪಾದ ಪುಸ್ತಕಗಳು. ನಮ್ಮ ಅಟೆಂಡರ್ ಮೈಲಾರಪ್ಪ ಅವನ್ನು ಒರೆಸಿ ಒರೆಸಿ ನನ್ನ ಮೇಜಿನ ಮೇಲೆ ಜೋಡಿಸಿದ. ಮೈಲಾರಪ್ಪ ನನಗಿಂತ ಹಿರಿಯ. ಹಡಗಲಿ ಕಡೆಯವನು, ಮನೆಯಲ್ಲಿ ಇಂದಿಗೂ ನಲವತ್ತು ಕುರಿ ಇವೆ. ಕಾಲೇಜಿಗೆ ಬರುವ ಸ್ಯಾಂಪಲ್ಲುಗಳ ಪರೀಕ್ಷೆ ಅವನ ಇಲಾಖೆ. ಬೆಂಚು ಬಂದರೆ ಅದರ ಮೇಲೆ ಹತ್ತಿ ಮೂರು ಸಲ ಜಿಗಿಯುತ್ತಾನೆ. ಡ್ರಮ್ಮಿಗೆ ಬೆರಳಗಂಟಿನಿಂದ ಬಡಿದು ಕಿವಿಗೊಡುತ್ತಾನೆ. ಆಮೇಲೆ ನಾನು ಅದಕ್ಕೆ "ಸ್ಯಾಂಪಲ್" ಎಂದು ಬರೆದ ರಟ್ಟಿನ ಚೀಟಿ ಕಟ್ಟಿ, ದಾರದ ಗಂಟಿನ ಮೇಲೆ ಅರಗು ಸುರಿದು, ಮುದ್ರೆ ಒತ್ತುತ್ತೇನೆ. ಮುದ್ರೆ ಇಲ್ಲದ ಚೀಟಿಗೆ ಬೆಲೆಯಿಲ್ಲವೆಂದು ಮೈಲಾರಪ್ಪನಿಗೆ ನಾನೇ ನೂರು ಸಲ ಹೇಳಿದ್ದೇನೆ.

ಚಿತ್ರಗಳನ್ನು ನೋಡಿ ಮೈಲಾರಪ್ಪ ಮೊದಲಿಗೆ ಕೆನಡಾವನ್ನು ತಳ್ಳಿಹಾಕಿದ. "ಮರಿ ತರೂವಾಗ ಮೊದ್ಲು ಕಾಲು ನೋಡಬೇಕ್ರಿ. ಇದರ ಹೊಟ್ಟಿ ನೋಡ್ರಿ, ಕಾಲು ನೋಡ್ರಿ. ನಿಂದ್ರಂಗಿಲ್ಲ ಇದು." ಫ್ರಾನ್ಸಿನ ವಿಮಾನಕ್ಕೆ ಬಾಲದ ಹತ್ತಿರ ಮೂರು ಎಂಜಿನ್ನುಗಳಿದ್ದವು. ಉಳಿದವಕ್ಕೆಲ್ಲ ಎರಡೇ. ಇದು ದೊಡ್ಡ ಗುಣವೆಂದು ನಾನು ಅಧ್ಯಕ್ಷರಿಗೆ ವಿವರಿಸಿದರೆ ಅವರು ಹುಬ್ಬು ಗಂಟಿಕ್ಕಿದರು. "ಮೂರು ಹಾಕ್ಯಾರ ಅಂದ್ರ, ಎರಡರ ಮ್ಯಾಲ ಅವರಿಗೇ ನಂಬಿಕಿಲ್ಲ ಅಂದಂಗಾತು." ಬ್ರೆಜಿಲ್ಲಿನವರು ಬಹಳ ಸಭ್ಯರು. ನಮ್ಮ ನಾಲ್ಕನೆಯ ಷರತ್ತಿಗೆ ಪ್ರತ್ಯೇಕ ಪುಟದಲ್ಲಿ ಉತ್ತರ ಬರೆದಿದ್ದರು: ತಮ್ಮ ವಿಮಾನದಲ್ಲಿ ಕಟ್ಟಿಗೆ ಒಳಗಿನ ಅಲಂಕಾರಕ್ಕೆ ಮಾತ್ರ ಇದ್ದು, ಗೆದ್ದಲಿನ ಬಗ್ಗೆ ಈವರೆಗೆ ಯಾವ ಗಿರಾಕಿಯಿಂದಲೂ ದೂರು ಬಂದಿಲ್ಲ. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ನಮ್ಮ ಬೆಂಚಿನವನು ಎಂದೂ ಇಷ್ಟು ಗೌರವ ಕೊಟ್ಟಿರಲಿಲ್ಲ.

ಹೋಲಿಕೆ ಪಟ್ಟಿಗೆ ಕಾಲಂ ಹಾಕುವುದೇ ಕಷ್ಟವಾಯಿತು. ಅಮೆರಿಕದ್ದು ಎಲ್ಲೂ ಇಳಿಯದೆ ಲಂಡನ್‌ವರೆಗೆ ಹಾರುತ್ತದೆ ಎಂದರೆ ಅಧ್ಯಕ್ಷರು, "ಅಲ್ಲಿ ನಮಗೇನು ಕೆಲಸ? ಅವರೇನು ಮಂಡಕ್ಕಿ ತಿಂತಾರೇನು?" ಎಂದರು. ಅವರು ಹೋಗಬೇಕಾದದ್ದು ಹೊಸಪೇಟೆಗೆ, ಅಪರೂಪಕ್ಕೆ ಬೆಂಗಳೂರಿಗೆ, ಹಲ್ಲು ಕಟ್ಟಿಸಲು ದಾವಣಗೆರೆಗೆ. ಅವರಿಗೆ ಮುಖ್ಯವಾದ ಕಾಲಂ ಒಂದೇ: ರುಮಾಲು ಸಹಿತ ಒಳಗೆ ನೆಟ್ಟಗೆ ನಿಲ್ಲಬಹುದೇ? "ಬೀಗರ ಮುಂದ ತಲಿ ತಗ್ಗಿಸ್ಕೊಂಡು ಇಳಿಯೂ ಹಂಗಿದ್ರ ಯಾಕ್ ಬೇಕು?" ಎಂದು ಅವರ ವಾದ. ನಾನು ಟೇಪು ಹಿಡಿದು ರುಮಾಲಿನ ತುದಿಯವರೆಗೆ ಅವರನ್ನು ಅಳೆದೆ. ನಾಲ್ಕರಲ್ಲಿ ಅಮೆರಿಕದ್ದೊಂದೇ ಪಾಸಾಯಿತು. ತೊಂದರೆಯೆಂದರೆ ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿಯೂ ಅದೇ. ಅತಿ ಹೆಚ್ಚು ದರದವನ ಹೆಸರಿನ ಮುಂದೆ "ಒಪ್ಪಬಹುದು" ಎಂದು ನಾನು ಜನ್ಮದಲ್ಲಿ ಬರೆದವನಲ್ಲ. ಬರೆಯಲು ಹೋದರೆ ಬೆರಳು ಮುಷ್ಕರ ಹೂಡಿತು. ಕಣ್ಣು ಮುಚ್ಚಿದರೆ ಇಟ್ಟಿಗಿಯಿಂದ ಗುರುಸಿದ್ದಪ್ಪನವರು ಬೆತ್ತ ಹಿಡಿದು ಬರುವುದು ಕಾಣುತ್ತಿತ್ತು.

ಅಷ್ಟರಲ್ಲಿ ಫೋನು ಬಂತು. ಮುಂಬಯಿಯಿಂದ ಮೆಹ್ತಾ ಎಂಬವರು, ಅಮೆರಿಕದ ಕಂಪನಿಯ ಪ್ರತಿನಿಧಿಯಂತೆ. ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಹೇಳಿದರು: "ಅಧೀಕ್ಷಕರೇ, ನಿಮ್ಮ ಪತ್ರದ ಏಳನೆಯ ಷರತ್ತಿನ ಪ್ರಕಾರ ಬರುವ ಗುರುವಾರ ಸ್ಯಾಂಪಲ್ ತರುತ್ತಿದ್ದೇವೆ. ಒಂಬತ್ತನೆಯ ಷರತ್ತನ್ನು ಮಾತ್ರ ಸ್ವಲ್ಪ ಸಡಿಲಿಸಬೇಕು. ಕಾಲೇಜಿನ ಆವರಣದಲ್ಲಿ ಇಳಿಸುವುದು ಕಷ್ಟ." ಆಗ ನನಗೆ ಅರ್ಥವಾಯಿತು, ನಾನು ಏನು ಬರೆದಿದ್ದೆನೆಂದು. ಕುರ್ಚಿಗೆ ಕೈ ಇದ್ದಿದ್ದರೆ ಹಿಡಿದುಕೊಳ್ಳುತ್ತಿದ್ದೆ. ಇರಲಿಲ್ಲವಾದ್ದರಿಂದ ಮೇಜನ್ನು ಹಿಡಿದುಕೊಂಡೆ. ಅಧ್ಯಕ್ಷರು ಮಾತ್ರ ಕುಣಿದಾಡಿದರು. "ಯವ್ವಾ! ಬೆಂಚಿನಂಗ ವಿಮಾನದ ಸ್ಯಾಂಪಲ್ ತರಿಸ್ಯಾರಲ್ರಿ ನಮ್ಮ ಅಯ್ಯನೋರು!" ಎಂದು ಭಟ್ಟಿಯ ಆಳುಗಳಿಗೆಲ್ಲ ಹೇಳಿದರು. ದೊಡ್ಡ ಗಿರಾಕಿಗಳಿಗೆ ವಿಮಾನ ತಂದು ತೋರಿಸುವುದು ಆ ಕಂಪನಿಗಳ ರೂಢಿಯೇ ಅಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ಕೀರ್ತಿ ಕಾನಹೊಸಹಳ್ಳಿ ದಾಟಿತ್ತು.

ಗುರುವಾರ ಬೆಳಿಗ್ಗೆ ಗಿರಿಜಾ ನನ್ನ ಮದುವೆಯ ಕೋಟನ್ನು ಇಸ್ತ್ರಿ ಮಾಡಿಟ್ಟಿದ್ದಳು. "ನಮ್ಮ ಮನಿ ಮ್ಯಾಲ ಹಾಯ್ತತೇನ್ರೀ? ಮಾಳಗಿ ಮ್ಯಾಲ ನನ್ನ ಕೆಂಪು ಸೀರಿ ಹರವಿರ್ತೀನಿ. ಅದನ್ನ ನೋಡಿದ್ರ ಮನಿ ಗುರ್ತು ಸಿಗತತಿ. ಒಂದ್ಸಲ ಕೈ ಮಾಡ್ರಿ" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಣಯದ ಕೋರಿಕೆ ಅದು. ಬಳ್ಳಾರಿ ದಾರಿಯಲ್ಲಿ ಒಂದು ಕಾರ್ಖಾನೆಯವರಿಗೆ ಸ್ವಂತದ ರನ್‌ವೇ ಇತ್ತು. ಅಲ್ಲಿಗೆ ಅಧ್ಯಕ್ಷರ ಕಾರಿನಲ್ಲಿ ಹೊರಟೆವು. ಮುಂದೆ ಅಧ್ಯಕ್ಷರು, ಹಿಂದೆ ನಾನು, ಮೈಲಾರಪ್ಪ. ನಮ್ಮಿಬ್ಬರ ನಡುವೆ ಒಂದು ಚೀಲ, ಅದರಲ್ಲಿ ಚೀಟಿ, ದಾರ, ಅರಗು, ಮೇಣದಬತ್ತಿ, ಕಡ್ಡಿಪೆಟ್ಟಿಗೆ, ಮುದ್ರೆ.

ಬೆಳ್ಳಗೆ, ಮಲ್ಲಿಗೆ ಮೊಗ್ಗಿನಂತೆ ನಿಂತಿತ್ತು ವಿಮಾನ. ಮೆಹ್ತಾ ಬಂದು ಕೈಕುಲುಕಿದರು. ಮೈಲಾರಪ್ಪ ಯಾರ ಮಾತಿಗೂ ಕಾಯದೆ ನೇರ ಹೋಗಿ ರೆಕ್ಕೆಗೆ ಬೆರಳಗಂಟಿನಿಂದ ಟಕಟಕನೆ ಬಡಿದು, "ತಗಡು ತೆಳ್ಳಗೈತ್ರಿ" ಎಂದು ವರದಿ ಒಪ್ಪಿಸಿದ. ಮೆಹ್ತಾ ಅವರ ಮುಖ ಬಿಳುಚಿತು. ನಾನು ನಿಯಮದಂತೆ ಮುಂದಿನ ಗಾಲಿಯ ಸರಳಿಗೆ ಚೀಟಿ ಕಟ್ಟಿ, ಅರಗು ಕರಗಿಸಲು ಮೇಣದಬತ್ತಿ ತೆಗೆದು ಕಡ್ಡಿ ಗೀರಿದೆ. ಇಂಧನ ತುಂಬಿದ ವಿಮಾನದ ಅಡಿಯಲ್ಲಿ ಕಡ್ಡಿ ಗೀರಿದರೆ ಎಷ್ಟು ಜನ ಎಷ್ಟು ಬೇಗ ಓಡಿಬರುತ್ತಾರೆಂಬುದನ್ನು ಅಂದು ಕಂಡೆ. ಇಬ್ಬರು ಕಾವಲುಗಾರರು ನನ್ನನ್ನು ರೆಟ್ಟೆ ಹಿಡಿದು ಎತ್ತಿ ದೂರ ನಿಲ್ಲಿಸಿದರು. ಪೈಲಟ್ ತನ್ನ ಭಾಷೆಯಲ್ಲಿ ಏನೋ ಹೇಳಿದ, ಅರ್ಥವಾಗದ್ದೇ ಒಳ್ಳೆಯದಾಯಿತು. ಮೆಹ್ತಾ ಚೀಟಿಯನ್ನು ಬಿಚ್ಚಿ, ಮಡಚಿ, ಎರಡೂ ಕೈಯಿಂದ ನನಗೆ ಹಿಂದಿರುಗಿಸಿದರು. ಮೈಲಾರಪ್ಪ ಅದನ್ನು ತನ್ನ ಜೇಬಿಗಿಟ್ಟ. ಅವನು ದಾರದ ತುಂಡನ್ನೂ ಬಿಸಾಡುವವನಲ್ಲ.

ಒಳಗೆ ಅಧ್ಯಕ್ಷರು ರುಮಾಲು ಸಹಿತ ನೆಟ್ಟಗೆ ನಿಂತರು. ತಲೆಗೂ ಮೇಲ್ಛಾವಣಿಗೂ ನಡುವೆ ಎರಡು ಬೆರಳು ಜಾಗವಿತ್ತು. ಅವರ ಮುಖದಲ್ಲಿ ಆ ಕ್ಷಣ ಕಂಡ ತೃಪ್ತಿಯನ್ನು ನೋಡಿ ನಾನು ಮನಸ್ಸಿನಲ್ಲೇ ಕೈಯಿರುವ ಕುರ್ಚಿಯ ಟವೆಲ್ ಸರಿಸಿದೆ. ಹಾರುವ ದಾರಿಯನ್ನು ಅವರೇ ಹೇಳಿದ್ದರು: ಹಡಗಲಿ ಕಡೆ ಹೊಳೆಯವರೆಗೆ ಹೋಗಿ, ಹರಪನಹಳ್ಳಿ ಹಾದು, ಕೊಟ್ಟೂರು ನೋಡಿಕೊಂಡು, ಕೂಡ್ಲಿಗಿ ಮೇಲೆ ಬಂದು, ಕೊನೆಗೆ ಹೊಸಪೇಟೆಯ ಬೀಗರ ಮನೆಯ ಮೇಲೊಂದು ಸುತ್ತು. ವಿಮಾನ ಎದ್ದಾಗ ನಾನು ಜನಿವಾರವಿಲ್ಲದ ಜಾತಿಯವನಾದ್ದರಿಂದ ಕೊರಳಿನ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೈಲಾರಪ್ಪ ಕುರ್ಚಿಯ ಮೇಲೆ ಮೂರು ಸಲ ಕುಪ್ಪಳಿಸಿ, "ಇದು ಛಲೋ ಐತ್ರಿ" ಎಂದ. ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರು ಕನ್ನಡಿ ಚೂರಿನಂತೆ ಹೊಳೆದು ಹಿಂದಾಯಿತು. ನಾನು ಪಟ್ಟಿಯಲ್ಲಿ "ಶಬ್ದ: ಕಡಿಮೆ, ಕಿವಿ: ಮುಚ್ಚುತ್ತದೆ" ಎಂದು ಬರೆದು ತಲೆಯೆತ್ತುವಷ್ಟರಲ್ಲಿ ಪೈಲಟ್ ಕೊಟ್ಟೂರು ದಾಟಿತೆಂದು ಹೇಳಿದ. ನಾನು ಕಿಟಕಿಗೆ ಮೂಗು ಒತ್ತಿದೆ. ಕೆಂಪು ನೆಲ, ಕೆಂಪು ಹಂಚು, ಎಲ್ಲವೂ ಕೆಂಪೇ. ಅದರಲ್ಲಿ ಕೆಂಪು ಸೀರೆ ಯಾವುದು? ಕೈ ಮಾಡಲು ಎತ್ತಿದ್ದನ್ನು ಹಾಗೇ ಇಳಿಸಿದೆ. ನಿಜವಾಗಿಯೂ ಬೇಸರವಾಯಿತು.

ನನಗಿಂತ ಹೆಚ್ಚು ಬೇಸರ ಅಧ್ಯಕ್ಷರಿಗೆ. "ನಾಕು ತಾಲ್ಲೂಕು ಮುಗುದ್ವಾ? ಅರ್ಧ ಕಪ್ಪು ಚಾ ಕುಡಿಯೂದ್ರಾಗ? ನನ್ನ ಭಟ್ಟಿ ಎಲ್ಲೈತಿ ಅಂತ ನಂಗ ಕಾಣಲಿಲ್ಲಲ್ರಿ." ಹೊಸಪೇಟೆ ಬಂತು. ಮೆಹ್ತಾ ಬೀಗರ ಮನೆಯ ದಿಕ್ಕನ್ನು ತೋರಿಸಿದರು. ಅಧ್ಯಕ್ಷರು ಬಗ್ಗಿ ಬಗ್ಗಿ ನೋಡಿದರು. ಕೆಳಗೆ ಯಾರೂ ಅಂಗಳಕ್ಕೆ ಓಡಿ ಬಂದಂತೆ ಕಾಣಲಿಲ್ಲ, ಬಂದಿದ್ದರೂ ಇರುವೆಯಷ್ಟಾಗುತ್ತಿದ್ದರು. ಅಧ್ಯಕ್ಷರು ನನ್ನ ಕಡೆ ತಿರುಗಿ ಕೇಳಿದರು: "ಅಯ್ಯನೋರ, ನಾ ಇದರಾಗ ಅದೀನಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?"

"ಇಳಿದಾಗ ಗೊತ್ತಾಗತತ್ರಿ."

"ಇಳಿಯೂದು ಅಲ್ಲೆಲ್ಲೋ ಕಾರ್ಖಾನ್ಯಾಗ. ಅಲ್ಲಿಂದ ಬೀಗರ ಮನಿಗೆ ಕಾರಿನ್ಯಾಗ ಬರಬೇಕು. ಕಾರಿನ್ಯಾಗಿಂದ ಇಳಿದ್ರ ಕಾರಿನ್ಯಾಗ ಬಂದಂಗಾತಲ್ರಿ!" ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಒಂದು ಶಾಮಿಯಾನ ಹಾರಂಗಿಲ್ಲ, ಒಂದು ಕಾಳು ಭತ್ತ ಹಾರಂಗಿಲ್ಲ. ಯಾಕ್ ಬೇಕ್ರಿ ಇದು?"

ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ. ಇಳಿದ ಮೇಲೆ ಮೆಹ್ತಾ ಅವರಿಗೆ ವಿಷಯ ತಿಳಿಸುವ ಕೆಲಸ ನನಗೆ ಬಿತ್ತು. ನಾನು ಏಳನೆಯ ಷರತ್ತಿನ ಎರಡನೆಯ ಭಾಗವನ್ನು ಬಾಯಿಪಾಠ ಒಪ್ಪಿಸಿದೆ: ಒಪ್ಪಿಗೆಯಾಗದ ಸ್ಯಾಂಪಲ್ಲನ್ನು ಕಳಿಸಿದವರೇ ತಮ್ಮ ಖರ್ಚಿನಲ್ಲಿ ಹಿಂದಕ್ಕೆ ಒಯ್ಯತಕ್ಕದ್ದು. ಆ ಮಹಾನುಭಾವರು ಕೋಪಗೊಳ್ಳಲಿಲ್ಲ. ನನ್ನ ಕೈ ಹಿಡಿದು ನಕ್ಕು, ಸ್ಯಾಂಪಲ್ಲಿನೊಳಗೆ ಕೂತು ಹಾರಿಹೋದರು. ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. "ಕಂಡ್ತೇನ್ರೀ ಸೀರಿ?" ಎಂದಳು. "ಓಹೋ, ದಗದಗ ಉರಿಯೂ ಹಂಗ ಕಾಣ್ತಿತ್ತು. ಎರಡು ಸಲ ಕೈ ಮಾಡಿದೆ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕಿ ಹಸನ ಮಾಡ್ತಾ ಕುಂತಿದ್ದೆ. ಸೀರಿ ಹರವಾಕ ಮರ್ತೇ ಹೋಗಿತ್ತು" ಎಂದು ಒಳಗೆ ಹೋದಳು.

ವಾರ ಬಿಟ್ಟು ನನ್ನ ಫೈಲು ಹಿಡಿದು ಅಧ್ಯಕ್ಷರಲ್ಲಿಗೆ ಹೋದೆ. ಅವರು ಕೊಟ್ಟ ಮಾತು ಮರೆತಿರಲಿಲ್ಲ. "ಮಾಡೂಣ್ರಿ. ಆದ್ರ ಸುಮ್ನ ಮಾಡಿದ್ರ ಕಮಿಟ್ಯಾಗ ಕೇಳ್ತಾರ. ನಿಮ್ಮ ಪದ್ಧತಿನ ಐತಲ್ಲ, ಮೂರು ಹೆಸರು ತಗೊಂಡು ಒಂದು ಪಟ್ಟಿ ಮಾಡಿ ತರ್ರಿ" ಎಂದರು. ಹೀಗೆ ನಾನು ನನ್ನನ್ನೇ ಒಂದು ಸಾಲಿನಲ್ಲಿ ಬರೆಯುವ ದಿನ ಬಂತು. ಮೊದಲನೆಯ ಹೆಸರು ನನ್ನದು. ಎರಡನೆಯದು ಕೂಡ್ಲಿಗಿಯಲ್ಲಿ ನಿವೃತ್ತರಾಗಿ ಬೇಸರದಿಂದಿದ್ದ ಒಬ್ಬ ಗುಮಾಸ್ತರದು. ಮೂರನೆಯದು ಹಗರಿಬೊಮ್ಮನಹಳ್ಳಿಯ ಒಬ್ಬ ಹುಡುಗಿಯದು, ಬಿ.ಕಾಂ. ಮಾಡಿ ಕಂಪ್ಯೂಟರ್ ಕಲಿತವಳು. ಕಾಲಂ ಹಾಕಿದೆ: ವಯಸ್ಸು, ವೇಗ, ಇನ್ನೆಷ್ಟು ವರ್ಷ ಓಡಬಹುದು. ಪಕ್ಷಪಾತ ಮಾಡಲು ಬಹಳ ಪ್ರಯತ್ನಿಸಿದೆ, ಆಗಲಿಲ್ಲ. ಬೆರಳು ಮತ್ತೆ ಮುಷ್ಕರ ಹೂಡಿತು. ಎಲ್ಲ ಕಾಲಮ್ಮಿನಲ್ಲೂ ಹುಡುಗಿ ಗೆದ್ದಳು. "ಷರಾ" ಎಂಬ ಕಾಲಮ್ಮನ್ನು ಖಾಲಿ ಬಿಟ್ಟು ಮನೆಗೆ ತಂದೆ.

ಗಿರಿಜಾ ಅದನ್ನು ತಗೊಂಡು ಓದಿದಳು. "ಈಗಾದ್ರೂ ಹೇಳ್ರಿ, ನನ್ನ ಸಾಲಿನ್ಯಾಗ ಏನಂತ ಬರ್ದಿದ್ರಿ?" ಎಂದಳು. ನಾನು ಸೋತು ಹೇಳಿಬಿಟ್ಟೆ: "ಮಾತು ಹೆಚ್ಚು. ಬಣ್ಣ ಸಾಧಾರಣ. ಊರು ಹತ್ತಿರ, ಸಾಗಾಣಿಕೆ ಸುಲಭ." ಅವಳು ಸಿಟ್ಟಾಗಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಪೆನ್ಸಿಲ್ ತಗೊಂಡು ನನ್ನ ಹೆಸರಿನ ಮುಂದೆ 'ಷರಾ' ಕಾಲಮ್ಮಿನಲ್ಲಿ ನಿಧಾನವಾಗಿ ಬರೆದಳು: "ಹಳೇ ಮಾದರಿ. ಸುಳ್ಳು ಹೇಳಲು ಬರುವುದಿಲ್ಲ. ಒಗ್ಗಿ ಹೋಗಿದೆ." ನಾನು ಅದನ್ನು ಅಳಿಸಲಿಲ್ಲ, ಹಾಗೇ ಟೈಪ್ ಮಾಡಿ ಕಮಿಟಿಗೆ ಕಳಿಸಿದೆ.

ಕಮಿಟಿಯಲ್ಲಿ ಅಧ್ಯಕ್ಷರು ಪಟ್ಟಿಯನ್ನು ಓದಿಸಿದರು. ಹುಡುಗಿಯನ್ನು ತಗೊಂಡರೆ ನನಗೆ ನೋವಾಗುತ್ತದೆ, ನನ್ನನ್ನು ತಗೊಂಡರೆ ಪಟ್ಟಿಗೆ ಅವಮಾನವಾಗುತ್ತದೆ. ಕೊನೆಗೆ ತೀರ್ಪು ಕೊಟ್ಟರು: "ಗಡಿಬಿಡಿ ಬ್ಯಾಡ. ಅಯ್ಯನೋರು ಹೆಂಗಿದ್ರೂ ಅದಾರಲ್ಲ. ಇನ್ನೂ ಸ್ವಲ್ಪ ದಿನ ಹಿಂಗ ನಡೀಲಿ, ನೋಡೂಣಂತ." ಆ ನಡಾವಳಿಯನ್ನು ಟೈಪ್ ಮಾಡಿ, ಕೆಳಗೆ "ಪ್ರ. ಅಧೀಕ್ಷಕ" ಎಂದು ಸಹಿ ಮಾಡಿದವನೂ ನಾನೇ. ಬಾಗಿಲಲ್ಲಿ ನಿಂತಿದ್ದ ಮೈಲಾರಪ್ಪ ಎಲ್ಲ ಕೇಳಿಸಿಕೊಂಡ.

ಮರುದಿನ ಕಛೇರಿಗೆ ಹೋಗಿ ಕೈಯಿಲ್ಲದ ಕುರ್ಚಿಯನ್ನು ಎಳೆದರೆ ಅದರ ಬೆನ್ನಿಗೆ ಏನೋ ತೂಗುತ್ತಿತ್ತು. ರಟ್ಟಿನ ಚೀಟಿ. ವಿಮಾನದ ಗಾಲಿಯಿಂದ ಬಿಚ್ಚಿ ಕೊಟ್ಟಿದ್ದ ಅದೇ ಚೀಟಿ, ನನ್ನದೇ ಕೈಬರಹದಲ್ಲಿ "ಸ್ಯಾಂಪಲ್". "ಮೈಲಾರಪ್ಪಾ, ಏನಿದು?" ಎಂದೆ. ಅವನ ಮುಖದಲ್ಲಿ ಕುಚೇಷ್ಟೆಯ ಸುಳಿವೂ ಇರಲಿಲ್ಲ. "ನೋಡೂಣಂತ ಇಟ್ಕೊಂಡ ಸಾಮಾನಿಗೆಲ್ಲಾ ಚೀಟಿ ಇರಬೇಕಂತ ನೀವ ಹೇಳಿರಲ್ರಿ. ಬರೇ ಕಟ್ಟಿಲ್ರಿ, ನಿಯಮದ ಪ್ರಕಾರ ಮಾಡೀನಿ" ಎಂದ. ನಾನು ಅದನ್ನು ಕಿತ್ತೆಸೆಯಲು ಕೈ ಹಾಕಿದೆ. ದಾರದ ಗಂಟಿನ ಮೇಲೆ ಕೆಂಪು ಅರಗು, ಅರಗಿನ ಮೇಲೆ ಕಛೇರಿಯ ಮುದ್ರೆ, ಅಚ್ಚುಕಟ್ಟಾಗಿ ಬಿದ್ದಿತ್ತು. ಹಾಗೇ ಕೈ ಹಿಂದಕ್ಕೆ ತೆಗೆದೆ. ಮುದ್ರೆ ಒಡೆಯಲು ಅಧೀಕ್ಷಕರ ಲಿಖಿತ ಅಪ್ಪಣೆ ಬೇಕು. ನಮ್ಮ ಕಾಲೇಜಿನಲ್ಲಿ ಅಧೀಕ್ಷಕರು ಇನ್ನೂ ನೇಮಕವಾಗಿಲ್ಲ.